ನಮಸ್ಕಾರ ಮುಗಿಸದ ರೋಬೋಟು

ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಹಾಜರಿಗೆ ಸಹಿ ಹಾಕುವ ಹೊತ್ತು ಬಿಟ್ಟರೆ ಅದು ಬಳಕೆಗೆ ಬರುತ್ತಿರಲಿಲ್ಲ. ಕಚೇರಿಗೆ, ಬೀದಿಗೆ, ಮನೆಯಲ್ಲೇ ಇದ್ದ ಅತ್ತೆಗೆ ಕೂಡ ಅವರು ‘ಅದೇನ್ಮಹಾ’.

ಲಿಫ್ಟು ನಿಂತಿತೆನ್ನಿ, ಬೀಗ ಕೈಕೊಟ್ಟಿತೆನ್ನಿ, ಯಾರದೋ ಗಡಿಯಾರ ಹಿಂದಕ್ಕೆ ನಡೆಯಿತೆನ್ನಿ, ಇವರ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಅದೊಂದೇ: “ಅದೇನ್ಮಹಾ!” ಆಮೇಲೆ ಕೈಗಳನ್ನು ಹಿಂದೆ ಕಟ್ಟಿಕೊಂಡು ಹತ್ತಿರ ಹೋಗಿ, ಕತ್ತು ಓರೆ ಮಾಡಿ ನೋಡಿ, ದೀರ್ಘವಾಗಿ “ಹೂಂ” ಅನ್ನುವರು. ಯಾರಾದರೂ ಎರಡನೆಯ ಪ್ರಶ್ನೆ ಕೇಳುವ ಮೊದಲೇ ಅವರಿಗೆ ಬೇರೆಲ್ಲೋ ಅವಸರದ ಕೆಲಸ ನೆನಪಾಗುವುದು. ಹೀಗೆ ವರ್ಷಗಟ್ಟಲೆ ಮರ್ಯಾದೆಯಿಂದ ಬದುಕಿದ್ದ ಮನುಷ್ಯ ಒಂದು ದಿನ ನಿಂತುಹೋದ ಟೇಬಲ್ ಫ್ಯಾನಿಗೆ ಸಿಟ್ಟಿನಿಂದ ಒಂದು ಬಿಟ್ಟರು. ಅದು ಹೆದರಿ ತಿರುಗತೊಡಗಿತು. ಅಂದಿನಿಂದ ಕಚೇರಿಯಲ್ಲಿ ವಿದ್ಯುತ್ ಸಂಬಂಧಿ ವಿಷಯಗಳಿಗೆಲ್ಲ ಅವರೇ ಕೊನೆಯ ಮಾತು.

ಆ ಕಚೇರಿಗೆ ಬರುತ್ತಿದ್ದ ಜನ ಕೊಡ ಹಿಡಿದೇ ಬರುತ್ತಿದ್ದರು. ಕೊಡ ಖಾಲಿ, ಬಾಯಿ ತುಂಬ. ದೂರಿನ ಕಿಟಕಿಯಲ್ಲಿ ಕೂತ ಯಾವ ಗುಮಾಸ್ತನೂ ಹೆಚ್ಚು ಕಾಲ ಬಾಳಲಿಲ್ಲ. ಕೊನೆಯವರು ಕಿವಿಯ ಕಾರಣ ಕೊಟ್ಟು ದೀರ್ಘ ರಜೆ ಹಾಕಿದ್ದರು. ಆಗ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ಬೈಗುಳ ತಿನ್ನಲು ಮನುಷ್ಯನೇ ಯಾಕೆ ಬೇಕು? ಒಂದು ರೋಬೋಟು ತರಿಸಿದರೆ ಅದಕ್ಕೆ ರಜೆಯಿಲ್ಲ, ಕಿವಿಯಿಲ್ಲ, ಹೆಂಡತಿಗೆ ಹೇಳಿಕೊಂಡು ಅಳುವ ಚಟವಿಲ್ಲ.

ಮರದ ಪೆಟ್ಟಿಗೆಯಲ್ಲಿ ರೋಬೋಟು ಬಂತು. ಎದೆಮಟ್ಟದ ಎತ್ತರ, ಬಿಳಿ ಮೈ, ಮುಖದ ಜಾಗದಲ್ಲಿ ಗಾಜಿನ ಪರದೆ, ಒಂದೇ ಒಂದು ಬಲಗೈ. ಜೊತೆಗೆ ಬಂದ ಕಂಪನಿ ಹುಡುಗ ಅದನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಅವನ ಫೋನು ಬಡಿಯಿತು. ಹೆಂಡತಿಗೆ ಹೆರಿಗೆ ನೋವು. ಹುಡುಗ ಓಡಿದ. ಮರುದಿನ ಸಾಹೇಬರೇ ಫೋನು ಮಾಡಿದಾಗ, “ಅವಳಿಜವಳಿ ಸಾರ್, ಇನ್ನು ಒಂದು ತಿಂಗಳು ನನ್ನ ಏನೂ ಕೇಳ್ಬೇಡಿ” ಎಂದು ಇಟ್ಟುಬಿಟ್ಟ.

ಉದ್ಘಾಟನೆಗೆ ನಿರ್ದೇಶಕರು ಸೋಮವಾರ ಬರುವವರಿದ್ದರು. ಅಂದು ಶನಿವಾರ. ಸಾಹೇಬರು ಕಚೇರಿಯ ಹಾಲಿನ ನಡುವೆ ನಿಂತು, “ಇದರ ವಿಷಯ ಯಾರಿಗ್ರೀ ಗೊತ್ತು?” ಎಂದು ಕೂಗಿದರು. ಎಲ್ಲ ತಲೆಗಳೂ ಫೈಲುಗಳ ಒಳಕ್ಕೆ ಇಳಿದವು. ಒಂದು ಬಾಯಿ ಮಾತ್ರ, ತನ್ನ ಒಡೆಯನನ್ನು ಎಂದೂ ಕೇಳಿ ಮಾತಾಡಿ ಅಭ್ಯಾಸವಿಲ್ಲದ ಬಾಯಿ, ತಾನಾಗಿ ತೆರೆದುಕೊಂಡಿತು.

“ಅದೇನ್ಮಹಾ ಸಾರ್!”

“ಹಾಗಾದ್ರೆ ನಿಮಗೇ ಬಿಟ್ಟೆ,” ಎಂದರು ಸಾಹೇಬರು. “ಸೋಮವಾರ ಇದು ಮಾತಾಡಲಿಲ್ಲ ಅಂದ್ರೆ, ದೂರಿನ ಕಿಟಕೀಲಿ ನೀವು ಕೂತ್ಕೊಂಡು ಮಾತಾಡ್ತೀರಿ.”

ಅದೇನ್ಮಹಾ ಮೊದಲು ತಮಗೆ ಗೊತ್ತಿದ್ದ ಏಕೈಕ ಚಿಕಿತ್ಸೆ ಮಾಡಿದರು. ರೋಬೋಟಿನ ಬೆನ್ನಿಗೆ ಒಂದು ಬಾರಿಸಿದರು. ಅದಕ್ಕೆ ಏನೂ ಆಗಲಿಲ್ಲ, ಇವರ ಅಂಗೈ ಕೆಂಪಾಯಿತು. ಆಮೇಲೆ ಸ್ಕ್ರೂ ಬಿಚ್ಚಿ ಎದೆಯ ಬಾಗಿಲು ತೆಗೆದರು. ಒಳಗೆ ಅಂಗೈ ಅಗಲದ ಒಂದು ಪುಟ್ಟ ಕಂಪ್ಯೂಟರು, ಅದರ ಸುತ್ತ ಕಿತ್ತ ಕೂದಲಿನ ಹಾಗೆ ತಂತಿಗಳು, ಕೆಳಗೆ ಹೊಟ್ಟೆಯಲ್ಲಿ ಇಟ್ಟಿಗೆಯಂಥ ಬ್ಯಾಟರಿ. ಮುಚ್ಚಳದ ಒಳಬದಿಗೆ ಒಂದು ಚೀಟಿ: ‘ಬ್ಯಾಟರಿ ಹನ್ನೆರಡು ವೋಲ್ಟ್. ಕಂಪ್ಯೂಟರಿಗೆ ಐದು ವೋಲ್ಟ್ ಮಾತ್ರ. ಕೈಯ ಮೋಟಾರಿಗೂ ಐದು, ಆದರೆ ಬೇರೆ ದಾರಿಯಿಂದ.’ ಹನ್ನೆರಡನ್ನು ಐದಕ್ಕೆ ಇಳಿಸುವ ಎರಡು ಡಬ್ಬಿಗಳು ಕಂಪನಿ ಹುಡುಗನ ಚೀಲದಲ್ಲಿ ಹೆರಿಗೆ ಆಸ್ಪತ್ರೆ ಸೇರಿದ್ದವು.

ಕಂಪ್ಯೂಟರಿನ ತೂತು ನೋಡಿದ ಟೈಪಿಸ್ಟ್ ಮೇಡಂ, “ನನ್ನ ಫೋನ್ ಚಾರ್ಜರ್ ಹಿಡಿಯುತ್ತೇನೋ ನೋಡಿ” ಎಂದು ಕೊಟ್ಟರು. ಹಿಡಿಯಿತು! ಗೋಡೆಯ ಕರೆಂಟು ಹತ್ತಿದೊಡನೆ ಕೆಂಪು ದೀಪ ಮಿನುಗಿತು, ಗಾಜಿನ ಮುಖದಲ್ಲಿ ಅಕ್ಷರ ಮೂಡಿತು: ‘ಇಂಟರ್ನೆಟ್ ಜೋಡಿಸಿ.’

ಕಚೇರಿಯ ವೈಫೈ ಪಾಸ್‌ವರ್ಡು ಗೊತ್ತಿದ್ದುದು ಹಳೆಯ ಮ್ಯಾನೇಜರಿಗೆ ಮಾತ್ರ. ಅವರು ನಿವೃತ್ತರಾಗುವಾಗ ಅದನ್ನೂ ಜೊತೆಗೇ ಒಯ್ದಿದ್ದರು. ಅದೇನ್ಮಹಾ ಸಾಹೇಬರ ಕೋಣೆಗೆ ಹೋಗಿ, “ಸಾರ್, ತಮ್ಮ ಫೋನು ಒಂದು ನಿಮಿಷ” ಎಂದು ಕೇಳಿ ತಂದು, ಟೈಪಿಸ್ಟ್ ಮೇಡಂ ತೋರಿಸಿಕೊಟ್ಟಂತೆ ಅದರಿಂದಲೇ ಇಂಟರ್ನೆಟ್ ಹಂಚಿದರು. ರೋಬೋಟು ಮುಂದಿನ ಪ್ರಶ್ನೆ ಕೇಳಿತು: ‘ದೂರುಗಳು ಯಾವ ಫೋನಿಗೆ ಹೋಗಬೇಕು?’ ಅವರಿಗೆ ಬಾಯಿಪಾಠ ಬರುತ್ತಿದ್ದುದು ಒಂದೇ ನಂಬರು, ದಿನಾ ಬೈಗುಳ ಬರುತ್ತಿದ್ದ ಸಾಹೇಬರ ನಂಬರು. ಅದನ್ನೇ ಒತ್ತಿದರು. ‘ಜೋಡಣೆ ಮುಗಿಯಿತು’ ಎಂದು ಬರುವುದಕ್ಕೂ ಐದು ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಟೈಪಿಸ್ಟ್ ಮೇಡಂ ಚಾರ್ಜರು ಕಿತ್ತುಕೊಂಡು ಮನೆಗೆ ಹೊರಟರು. ರೋಬೋಟು ಮತ್ತೆ ಪ್ರೇತದಂತೆ ನಿಂತಿತು.

ಹಾಲಿನ ನಡುವೆ, ಪ್ಲಗ್ ಇಲ್ಲದ ಜಾಗದಲ್ಲಿ ಅದು ನಿಲ್ಲಬೇಕಾದ್ದರಿಂದ ಹೊಟ್ಟೆಯ ಬ್ಯಾಟರಿಯಿಂದಲೇ ಅದರ ಊಟ ಆಗಬೇಕಿತ್ತು. ಅದೇನ್ಮಹಾ ಅದನ್ನು ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದು, ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಕ್ ಅಂಗಡಿಗೆ ಹೋದರು.

“ಹನ್ನೆರಡು ವೋಲ್ಟನ್ನ ಐದು ಮಾಡೋದು ಒಂದು ಕೊಡಿ.”

“ಎಷ್ಟು ಆಂಪ್ಸ್‌ದು ಬೇಕು?”

ಈ ಪ್ರಶ್ನೆ ಬರಬಹುದೆಂದು ಅವರು ಎಣಿಸಿರಲಿಲ್ಲ. ಅಂಗಿ ಕೊಳ್ಳುವವರ ಗಾಂಭೀರ್ಯದಿಂದ, “ಮೀಡಿಯಂ ಕೊಡಿ” ಎಂದರು.

ಅಂಗಡಿಯವನು ಕನ್ನಡಕದ ಮೇಲಿಂದ ನೋಡಿದ. “ಯಾರ ಸ್ಕೂಟರಿಗೆ ಸ್ವಾಮಿ?”

“ನಮ್ಮ ಆಫೀಸಿನವನಿಗೆ. ಎದೆಮಟ್ಟ ಇದ್ದಾನೆ, ತೆಳ್ಳಗೆ. ಒಂದೇ ಕೈ.”

“ಅಯ್ಯೋ ಪಾಪ! ಒಂದೇ ಕೈಲಿ ಸ್ಕೂಟರ್ ಓಡಿಸ್ತಾನಾ?”

“ಓಡಿಸೋದೆಲ್ಲಿ ಬಂತು, ನಿಂತಲ್ಲೇ ನಿಂತಿರ್ತಾನೆ.”

“ಸರ್ಕಾರಿ ಕೆಲಸಾನಾ?”

“ನಾಳೆಯಿಂದ.”

“ಪುಣ್ಯವಂತ ಬಿಡಿ,” ಎಂದು ಅಂಗಡಿಯವನು ಸ್ಕೂಟರಿನಲ್ಲಿ ಫೋನು ಚಾರ್ಜ್ ಮಾಡುವ ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿಯೊಂದನ್ನು ಕೊಟ್ಟ. ಒಂದು ಫೋನು ಸಾಕುವುದೇ ಅದಕ್ಕೆ ಕಷ್ಟ.

ಮನೆಯ ನಡುಮನೆಯಲ್ಲಿ ರೋಬೋಟನ್ನು ಕಂಡ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ರೀ ಅಳಿಯಂದಿರೇ, ಇದಕ್ಕೆ ಊಟ ಗೀಟ ಏನಾದ್ರೂ ಉಂಟೋ?”

“ಹನ್ನೆರಡು ವೋಲ್ಟು ಅತ್ತೆ.”

“ಅದೆಲ್ಲ ನಮ್ಮನೇಲಿ ಮಾಡಲ್ಲ. ಮಾಡಿದ್ದು ತಿನ್ನೋಕೆ ಹೇಳಿ.”

ಅದೇನ್ಮಹಾ ಬ್ಯಾಟರಿಯ ತಂತಿಯನ್ನು ಡಬ್ಬಿಗೆ ಕಚ್ಚಿಸಿದರು. ಡಬ್ಬಿಯಿಂದ ಹೊರಡುವ ಬಾಯಿ ಒಂದೇ. ಕರೆಂಟು ಬೇಕಾದವರು ಇಬ್ಬರು, ಕಂಪ್ಯೂಟರು ಮತ್ತು ಕೈಯ ಮೋಟಾರು. ‘ಬೇರೆ ದಾರಿಯಿಂದ’ ಎಂದು ಚೀಟಿ ಹೇಳಿದ್ದು ನಿಜ. ಒಂದೇ ಮೈಯೊಳಗಿನವರಿಗೆ ಬೇರೆ ಒಲೆ ಯಾಕೆ? ಇಬ್ಬರ ತಂತಿಯನ್ನೂ ಹೊಸೆದು ಒಂದೇ ಬಾಯಿಗೆ ಕೊಟ್ಟು, ಮೇಲೆ ಟೇಪು ಸುತ್ತಿದರು. ಕೂಡುಕುಟುಂಬ ಸಿದ್ಧವಾಯಿತು. ಆ ಕುಟುಂಬದಲ್ಲಿ ಆಗಿದ್ದು ಎಲ್ಲ ಕೂಡುಕುಟುಂಬಗಳಲ್ಲಿ ಆಗುವುದೇ. ಕೈ ಏಳಬೇಕಾದರೆ ಮೋಟಾರು ಹಸಿದ ತೋಳದಂತೆ ಇದ್ದಬದ್ದ ಕರೆಂಟೆಲ್ಲ ಬಾಚಿ ನುಂಗುತ್ತಿತ್ತು. ಪಕ್ಕದ ಪುಟ್ಟ ಕಂಪ್ಯೂಟರು ಹೊಟ್ಟೆಗಿಲ್ಲದೆ ಮೂರ್ಛೆ ಹೋಗುತ್ತಿತ್ತು. ಕಂಪ್ಯೂಟರು ಬಿದ್ದೊಡನೆ ಕೈಯೂ ಸೋತು ಇಳಿಯುತ್ತಿತ್ತು. ಕರೆಂಟು ಮತ್ತೆ ತುಂಬಿ ಬಂದು ಕಂಪ್ಯೂಟರು ಕಣ್ಣು ಬಿಡುತ್ತಿತ್ತು. ಜೋಡಣೆಯೊಂದು ಬಿಟ್ಟು ಹಿಂದಿನದೆಲ್ಲ ಮರೆತಿದ್ದರಿಂದ ಹೊಸದಾಗಿ ಶುರು.

“ನಮಸ್ಕಾರ! ನಾನು...” ಎಂದು ರೋಬೋಟು ಕೈಯೆತ್ತಿತು. ಮುಖ ಕಪ್ಪಾಯಿತು. ನಾಲ್ಕು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಮೌನ. ಮತ್ತೆ, “ನಮಸ್ಕಾರ! ನಾನು...”

ಪೇಪರು ಕೇಳಿಕೊಂಡು ಹೋಗಲು ಬಂದ ಎದುರುಮನೆ ಮೇಷ್ಟ್ರು ಸಭ್ಯತೆಯ ಮನುಷ್ಯ. ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದೆ ಇರುವುದು ಅವರ ಮೈಗೇ ಒಗ್ಗದು. ರೋಬೋಟು ಕೈಯೆತ್ತಿತು, ಇವರೂ ಎತ್ತಿದರು. ಪೇಪರು ತೆಗೆದುಕೊಂಡು ತಿರುಗುವಷ್ಟರಲ್ಲಿ ಮತ್ತೆ ನಮಸ್ಕಾರ. ಮತ್ತೆ ಎತ್ತಿದರು. ಬೆನ್ನು ತೋರಿಸುವುದು ಅಮರ್ಯಾದೆಯೆಂದು ಹಿಂದುಹಿಂದಕ್ಕೆ ನಡೆಯುತ್ತ, ಹೊಸ್ತಿಲಲ್ಲಿ ಒಂದು, ಮೆಟ್ಟಿಲಲ್ಲಿ ಒಂದು, ಗೇಟಿನಲ್ಲಿ ಒಂದು ನಮಸ್ಕಾರ ಹಾಕಿ, ಕೊನೆಗೆ ಭುಜ ಹಿಡಿದುಕೊಂಡು ಕೂಗಿದರು: “ಬಹಳ ವಿನಯವಂತ ರೀ ಇವನು! ಆದ್ರೆ ನನ್ನ ಭುಜಕ್ಕೆ ವಯಸ್ಸಾಯ್ತು!”

“ಬರೀ ಬಾಯುಪಚಾರ,” ಎಂದರು ಅತ್ತೆ. “ನಿಮ್ಮ ಆಫೀಸಿಗೆ ಹೇಳಿ ಮಾಡಿಸಿದ ಹಾಗಿದೆ.”

ಅದೇನ್ಮಹಾ ಅವರಿಗೆ ಅದೇ ಸಮಾಧಾನವಾಯಿತು. ಕಂಪನಿಯವರು ಅದಕ್ಕೆ ಕಲಿಸಿರುವುದೇ ಅಷ್ಟು ಎಂದು ತೀರ್ಮಾನಿಸಿ, ಎದೆಯ ಬಾಗಿಲು ಮುಚ್ಚಿ ಸ್ಕ್ರೂ ಬಿಗಿದರು.

ಸೋಮವಾರ ನಿರ್ದೇಶಕರು ಬಂದರು, ರಿಬ್ಬನ್ ಕತ್ತರಿಸಿದರು. ರೋಬೋಟು, “ನಮಸ್ಕಾರ! ನಾನು...” ಎಂದಿತು. ನಿರ್ದೇಶಕರು ಮುಗುಳ್ನಕ್ಕು ಕೈಯೆತ್ತಿದರು. ಭಾಷಣ ಶುರು ಮಾಡಿದರು: “ಈ ಯಂತ್ರಮಾನವನು...” ರೋಬೋಟು ಮತ್ತೆ ನಮಸ್ಕಾರ ಹೇಳಿತು. ನಿರ್ದೇಶಕರು ಮತ್ತೆ ಕೈಯೆತ್ತಿದರು. ಅವರು ಎತ್ತಿದ್ದರಿಂದ ಸಾಹೇಬರು ಎತ್ತಿದರು. ಸಾಹೇಬರು ಎತ್ತಿದ್ದರಿಂದ ಸಿಬ್ಬಂದಿಯೆಲ್ಲ ಎತ್ತಿದರು. ಭಾಷಣ ಮುಗಿಯುವಷ್ಟರಲ್ಲಿ ಇಡೀ ಹಾಲಿಗೆ ಒಳ್ಳೆಯ ವ್ಯಾಯಾಮವಾಗಿತ್ತು. ಸಾಹೇಬರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅದೇನ್ಮಹಾ ಕಂಬದ ಹಿಂದೆ ನಿಂತು ದೂರಿನ ಕಿಟಕಿಯ ಕುರ್ಚಿಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

ನಿರ್ದೇಶಕರ ಕಣ್ಣು ಒದ್ದೆಯಾಗಿತ್ತು.

“ಎಂಥ ವಿನಯ! ನಮ್ಮ ಇಲಾಖೇಲಿ ಮನುಷ್ಯ ಅನ್ನಿಸಿಕೊಂಡವನು ಜನಕ್ಕೆ ಒಂದು ಸಲ ಸರಿಯಾಗಿ ಕೈ ಎತ್ತಲ್ಲ. ಇದನ್ನ ಸಿದ್ಧ ಮಾಡಿದವರು ಯಾರು?”

ಅದೇನ್ಮಹಾ ಕಂಬದ ಹಿಂದಿನಿಂದ ಮುಂದಕ್ಕೆ ಬಂದರು.

ಆಮೇಲಿನ ದಿನಗಳಲ್ಲಿ ಪವಾಡವೇ ನಡೆಯಿತು. ಜನ ಕೊಡ ಹಿಡಿದು ಕೆಂಡದಂತೆ ಬರುವರು. ರೋಬೋಟು ನಮಸ್ಕರಿಸುವುದು. ನಮಸ್ಕರಿಸುವವನನ್ನು ಹೇಗೆ ಬೈಯುವುದು? ಒಂದು ಕ್ಷಣ ತಡೆಯುವರು. “ನೋಡಪ್ಪಾ, ನಮ್ಮ ಬೀದೀಲಿ...” ಎನ್ನುವಷ್ಟರಲ್ಲಿ ಮತ್ತೆ ನಮಸ್ಕಾರ. “ಆಯ್ತಪ್ಪಾ ನಮಸ್ಕಾರ, ನಮ್ಮ ಬೀದೀಲಿ...” ನಮಸ್ಕಾರ! ಲಾಂಡ್ರಿಯವನೊಬ್ಬ ಮಧ್ಯಾಹ್ನದವರೆಗೆ ಹೋರಾಡಿ, ಕೊನೆಗೆ ರೋಬೋಟಿನ ಭುಜ ತಟ್ಟಿ, “ನಿನ್ನ ತಪ್ಪೇನಿಲ್ಲ ಬಿಡು, ನೀನೂ ಕೆಲಸದವನೇ” ಎಂದು ಹೊರಟುಹೋದ. ದಾಖಲಾದ ದೂರು: ಸೊನ್ನೆ. ವಾರ ಕಳೆದರೂ ಸೊನ್ನೆ. ಸಾಹೇಬರು ಮೇಲಿನವರಿಗೆ ಬರೆದರು: ನಮ್ಮ ಊರಿನಲ್ಲಿ ನೀರಿನ ತೊಂದರೆ ಪೂರ್ತಿ ನಿವಾರಣೆಯಾಗಿದೆ.

ಅದೇನ್ಮಹಾ ಅವರಿಗೆ ತಿರುಗುವ ಕುರ್ಚಿ ಬಂತು. ‘ಯಂತ್ರ ವಿಭಾಗ’ ಎಂಬ ಫಲಕ ಬಂತು. ಮನೆಯಲ್ಲಿ ಅವರು ನಿಧಾನವಾಗಿ ಮಾತಾಡತೊಡಗಿದರು. ಬೇರೆ ಊರುಗಳ ಅಧಿಕಾರಿಗಳು ಫೋನು ಮಾಡಿ, “ನಮ್ಮ ರೋಬೋಟು ಜನರ ಮಾತು ಕೇಳಿಸಿಕೊಂಡುಬಿಡುತ್ತೆ ರೀ, ಏನು ಮಾಡೋದು?” ಎಂದು ಗೋಳಾಡಿದರೆ, ಇವರು ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, “ಅದೇನ್ಮಹಾ, ಬಂದು ನೋಡಿ” ಎನ್ನುವರು. ಅವರೆಲ್ಲ ಬಂದು ನೋಡುವ ದಿನವೂ ನಿಗದಿಯಾಯಿತು. ನಿರ್ದೇಶಕರೇ ಕರೆತರುವುದೆಂದಾಯಿತು.

ಇಂಥ ಹೊತ್ತಿನಲ್ಲಿ ಅವರದೇ ಬೀದಿಯ ತುದಿಯಲ್ಲಿ ದೊಡ್ಡ ಪೈಪು ಒಡೆಯಿತು. ರಸ್ತೆಯಲ್ಲಿ ಹೊಳೆ, ನಲ್ಲಿಯಲ್ಲಿ ಬರೀ ಗಾಳಿ.

“ರೀ, ನೀರಿನ ಆಫೀಸಲ್ಲಿ ಗಂಡ ಇದ್ದೂ ನಾನು ಆಚೆ ಬೀದಿಯಿಂದ ಕೊಡ ಹೊತ್ಕೊಂಡು ಬರ್ಬೇಕಾ?” ಎಂದಳು ಹೆಂಡತಿ.

“ನೋಡ್ತೀನಿ,” ಎಂದರು ಅದೇನ್ಮಹಾ. ಸಾಹೇಬರಿಗೆ ಹೇಳಿದರೆ ಅದೊಂದು ದೂರಾಗುತ್ತಿತ್ತು. ದೂರಾದರೆ ಸೊನ್ನೆ ಹೋಗುತ್ತಿತ್ತು. ಅವರು ಕೂತಿದ್ದ ಕುರ್ಚಿ ನಿಂತಿದ್ದೇ ಆ ಸೊನ್ನೆಯ ಮೇಲೆ. ಎರಡನೆಯ ದಿನವೂ “ನೋಡ್ತೀನಿ.” ಮೂರನೆಯ ದಿನ ಬೆಳಿಗ್ಗೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ನೀವು ನೋಡಿದ್ದು ಸಾಕು. ನಾನೇ ಹೋಗಿ ನೋಡ್ತೀನಿ.”

ಅತ್ತೆ, ಹೆಂಡತಿ, ಮೇಷ್ಟ್ರು, ಹಿಂದೆ ಬೀದಿಯ ಅರ್ಧ ಜನ. ಕೊಡಗಳ ಮೆರವಣಿಗೆ ಕಚೇರಿಯ ಹಾಲಿಗೆ ನುಗ್ಗಿದಾಗ ನಿರ್ದೇಶಕರು ಪರವೂರ ಅಧಿಕಾರಿಗಳಿಗೆ ರೋಬೋಟಿನ ವಿನಯ ವಿವರಿಸುತ್ತಿದ್ದರು. ಪಕ್ಕದಲ್ಲಿ ಸಾಹೇಬರು, ಇನ್ನೊಂದು ಪಕ್ಕದಲ್ಲಿ ಹೊಸ ಅಂಗಿಯ ಅದೇನ್ಮಹಾ.

“ನೋಡಿ, ಈಗ ಜನ ಬಂದಿದ್ದಾರೆ, ಕೋಪದಲ್ಲಿದ್ದಾರೆ,” ಎಂದರು ನಿರ್ದೇಶಕರು ಹುರುಪಿನಿಂದ. “ಈಗ ಹೇಗೆ ತಣ್ಣಗಾಗ್ತಾರೆ ನೋಡಿ.”

“ನಮಸ್ಕಾರ! ನಾನು...” ಎಂದಿತು ರೋಬೋಟು.

ಅಭ್ಯಾಸಬಲದಿಂದ ಮೇಷ್ಟ್ರು ಕೈಯೆತ್ತಿದರು. ಅತ್ತೆ ಆ ಕೈಯನ್ನು ಕೆಳಕ್ಕೆ ಎಳೆದು ರೋಬೋಟಿನ ಮುಂದೆ ನಿಂತರು.

“ಗೊತ್ತು ನೀನ್ಯಾರು ಅಂತ. ನಮ್ಮನೇಲಿ ಇಡೀ ಭಾನುವಾರ ಇದ್ದೆ. ಪೈಪು ಒಡೆದಿದೆ, ಬರ್ಕೋ.”

ಮುಖ ಕಪ್ಪಾಯಿತು. ಆಮೇಲೆ, “ನಮಸ್ಕಾರ! ನಾನು...”

“ನಿನ್ನ ನಮಸ್ಕಾರದಲ್ಲಿ ಮುಸುರೆ ತೊಳೆಯೋಕಾಗಲ್ಲ! ಪೈಪು ಒಡೆದಿದೆ!”

“ನಮಸ್ಕಾರ! ನಾನು...”

“ತೆಗಿ ಕೈಯ!” ಎಂದು ಅತ್ತೆ ಏಳುತ್ತಿದ್ದ ಕೈಯನ್ನು ಹಿಡಿದು, ಹಠಮಾರಿ ಗಜ್ಜರಿಯನ್ನು ಮಣ್ಣಿನಿಂದ ಕೀಳುವಂತೆ, ಒಂದೇ ಎಳೆತಕ್ಕೆ ಎಳೆದರು. ಟಪ್ಪೆಂದು ಕೈ ಬುಡಸಮೇತ, ತಂತಿ ಸಮೇತ, ಟೇಪು ಸಮೇತ ಕಿತ್ತು ಬಂತು. ಹಾಲಿನಲ್ಲಿ ಯಾರೋ “ಅಯ್ಯೋ, ಆಸ್ಪತ್ರೆ!” ಎಂದರು. ಅತ್ತೆ ಕೈಯನ್ನು ಅಳಿಯನ ಎದೆಗೆ ಒತ್ತಿದರು. “ಹಿಡ್ಕೊಳ್ಳಿ, ನಿಮ್ಮ ಸ್ನೇಹಿತಂದು.”

ರೋಬೋಟಿನ ಮುಖ ಬೆಳಗಿತು. ಕಿತ್ತು ತಿನ್ನುವವನು ತೊಲಗಿದ ಮೇಲೆ ಪುಟ್ಟ ಕಂಪ್ಯೂಟರು ಮೊದಲ ಸಲ ಹೊಟ್ಟೆತುಂಬ ಉಂಡಿತ್ತು.

“ನಮಸ್ಕಾರ! ನಾನು ನಿಮ್ಮ ದೂರು ಸ್ವೀಕರಿಸುವ ಸಹಾಯಕ. ದಯವಿಟ್ಟು ನಿಮ್ಮ ತೊಂದರೆ ಹೇಳಿ, ನಾನು ಕೇಳುತ್ತಿದ್ದೇನೆ.”

ಇಡೀ ಹಾಲು ಬಾಯಿ ತೆರೆದು ನಿಂತಿತು. ಆ ಕಚೇರಿಯ ಗೋಡೆಗಳೊಳಗೆ ‘ನಾನು ಕೇಳುತ್ತಿದ್ದೇನೆ’ ಎಂಬ ಮಾತು ಅದಕ್ಕೆ ಮೊದಲು ಯಾರ ಬಾಯಿಂದಲೂ ಹೊರಟಿರಲಿಲ್ಲ. ಅತ್ತೆ ಕೂಡ ಅರೆಕ್ಷಣ ತಬ್ಬಿಬ್ಬಾದರು. ಆದರೆ ಅವರು ಒದಗಿದ ಅವಕಾಶ ಬಿಡುವ ಹೆಂಗಸಲ್ಲ. ಪೈಪಿನಿಂದ ಶುರು ಮಾಡಿ, ಅದನ್ನು ಹಾಕಿದವನ ಕೈ, ಹಾಕಿಸಿದವನ ಬುದ್ಧಿ, ಸಾಹೇಬರ ಹೊಟ್ಟೆ, ಎಲ್ಲವನ್ನೂ ವಿವರವಾಗಿ ಹೇಳಿದರು.

“ಧನ್ಯವಾದ. ನಿಮ್ಮ ದೂರನ್ನು ಅಧಿಕಾರಿಗೆ ಕಳಿಸಲಾಗಿದೆ,” ಎಂದಿತು ರೋಬೋಟು.

ಸಾಹೇಬರ ಜೇಬು ಬಡಿಯಿತು. ಗಡಿಬಿಡಿಯಲ್ಲಿ ಫೋನು ತೆಗೆದು ಎಲ್ಲೋ ಒತ್ತಿದರು. ಸ್ಪೀಕರಿನಿಂದ ಅತ್ತೆಯ ದನಿ ಹಾಲು ತುಂಬ ಮೊಳಗಿತು: “...ಮೂರು ದಿನದಿಂದ ನೀರಿಲ್ಲ, ಆ ನಿಮ್ಮ ಗಡಿಗೆ ಹೊಟ್ಟೆ ಸಾಹೇಬನಿಗೆ ಸ್ನಾನಕ್ಕೆ ಎಲ್ಲಿಂದ ಬರುತ್ತೋ ಕೇಳಿ...”

ಪರವೂರ ಅಧಿಕಾರಿಗಳು ಸಾಹೇಬರ ಹೊಟ್ಟೆಯನ್ನೇ ನೋಡಿದರು. ಅಷ್ಟರಲ್ಲಿ ರೋಬೋಟಿನ ಮುಂದೆ ಸಾಲು ಬೆಳೆದಿತ್ತು. ಮೇಷ್ಟ್ರು ವ್ಯಾಕರಣಶುದ್ಧವಾಗಿ ದೂರು ಕೊಟ್ಟರು. ಬೀದಿಯಲ್ಲಿ ಹೋಗುತ್ತಿದ್ದ ಲಾಂಡ್ರಿಯವನು ಸುದ್ದಿ ಕೇಳಿ ಇಸ್ತ್ರಿಪೆಟ್ಟಿಗೆ ಹಿಡಿದೇ ಒಳಗೆ ಓಡಿಬಂದ. ಸಾಹೇಬರ ಫೋನು ಅವರ ಕೈಯಲ್ಲಿ ಹಿಡಿದ ಮೀನಿನಂತೆ ಒದ್ದಾಡತೊಡಗಿತು.

“ರೀ! ಆ ಕೈ ಸಿಕ್ಕಿಸ್ರೀ!” ಎಂದು ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು. “ಈಗಲೇ!”

ಅದೇನ್ಮಹಾ ಕೈಯಲ್ಲಿದ್ದ ಕೈಯನ್ನು ನೋಡಿದರು. ಜೋತಾಡುತ್ತಿದ್ದ ಎರಡು ತಂತಿ, ರೋಬೋಟಿನ ಭುಜದಲ್ಲಿ ಎರಡು ತಂತಿ. ಜೀವಮಾನದಲ್ಲಿ ಅವರಿಗೆ ನಿಜವಾಗಿ ಬರುತ್ತಿದ್ದ ಕೆಲಸ ಹೀಗೆ ತಂತಿ ಹೊಸೆಯುವುದೊಂದೇ. ಕಣ್ಣು ಮುಚ್ಚಿ ಮಾಡಬಲ್ಲರು. ತಲೆಯೆತ್ತಿದರೆ ಸಾಲಿನಲ್ಲಿ ಹೆಂಡತಿ ನಿಂತಿದ್ದಳು. ಖಾಲಿ ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದಳು. ಕೊಡದ ಕಂಠ ಒತ್ತಿ ಅವಳ ತೋಳಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅವಳು ಗಂಡನನ್ನು ನೋಡುತ್ತಿರಲಿಲ್ಲ. ನೋಡಿ ಪ್ರಯೋಜನವಿಲ್ಲವೆಂದು ನಿರ್ಧರಿಸಿದಂತಿತ್ತು.

“ಏನ್ರೀ ನೋಡ್ತಾ ನಿಂತಿದ್ದೀರಿ?” ಎಂದರು ಸಾಹೇಬರು.

“ನಂಗೆ ಬರಲ್ಲ ಸಾರ್,” ಎಂದರು ಅದೇನ್ಮಹಾ.

ಟೈಪಿಸ್ಟ್ ಮೇಡಂ ಕೈಯಿಂದ ಲೋಟ ಬಿತ್ತು.

“ಏನಂದ್ರಿ?”

“ಬರಲ್ಲ ಸಾರ್. ಗೊತ್ತಿಲ್ಲ.”

“ಮತ್ತೆ ಇಷ್ಟು ದಿನ?” ಎಂದರು ನಿರ್ದೇಶಕರು.

“ಇಷ್ಟು ದಿನಾನೂ ಬರ್ತಿರಲಿಲ್ಲ ಸಾರ್.”

ಹೆಂಡತಿ ಈಗ ನೋಡಿದಳು. ಮದುವೆಯಾದಾಗಿನಿಂದ ಈ ಬಾಯಿಂದ ಅವಳು ಇಂಥ ಮಾತು ಕೇಳಿರಲಿಲ್ಲ. ಗಂಡನಿಗೆ ಜ್ವರವೇನೋ ಎಂದು ಹಣೆ ಮುಟ್ಟಲು ಕೈ ಎತ್ತಿ, ಜನ ಇದ್ದಾರೆಂದು ಇಳಿಸಿದಳು.

ನಿರ್ದೇಶಕರು ಬಹಳ ವರ್ಷ ನಿರ್ದೇಶಕರಾಗಿ ಉಳಿದದ್ದು ಸುಮ್ಮನಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆಯೋ ಆ ಕಡೆಗೆ ಸರಾಗವಾಗಿ ತಿರುಗಿ, ಪರವೂರವರಿಗೆ ಹೇಳಿದರು: “ನೋಡಿದ್ರಲ್ಲ? ಜನ ಬಾಯಿ ತೆಗೆದ್ರೆ ಸಾಕು, ದೂರು ನೇರ ಅಧಿಕಾರಿ ಜೇಬಿಗೆ! ನಮ್ಮ ಉದ್ದೇಶ ಮೊದಲಿಂದಲೂ ಇದೇ.” ಆಮೇಲೆ ಸಾಹೇಬರತ್ತ ತಿರುಗಿದರು. ಮುಗುಳ್ನಗೆ ಇನ್ನೂ ಮುಖದಲ್ಲೇ ಇತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ. “ದೂರು ಬಂದ ಮೇಲೆ ಅಧಿಕಾರಿ ಇಲ್ಲೇನು ಮಾಡ್ತಿದ್ದಾರೆ?”

ಸಾಹೇಬರು ಜೀಪಿಗೆ ಓಡಿದರು. ಹೋಗುವಾಗ ಅದೇನ್ಮಹಾ ಅವರ ಮುಖದ ಮುಂದೆ ಬೆರಳಾಡಿಸಿ, “ತಿರುಗೋ ಕುರ್ಚಿ ವಾಪಸ್ ಕೊಡಿ. ನಡೀರಿ, ಪೈಪು ಎಲ್ಲಿದೆ ತೋರಿಸಿ” ಎಂದರು. ಅದೇನ್ಮಹಾ ಹೊರಗೆ ಬಂದಾಗ ಜೀಪಿನ ಮುಂದಿನ ಸೀಟಿನಲ್ಲಿ, ಡ್ರೈವರಿನ ಪಕ್ಕದಲ್ಲಿ, ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಆಗಲೇ ಕೂತಿದ್ದರು. “ತೋರಿಸೋದೂ ಅವರಿಗೆ ಬರಲ್ಲ, ನಾನೇ ತೋರಿಸ್ತೀನಿ” ಎಂದು ಅವರ ವಾದ. ಸಾಹೇಬರು ಹಿಂದಿನ ಬೆಂಚಿನ ಮೇಲೆ ಅದೇನ್ಮಹಾ ಮತ್ತು ಅವರ ಹೆಂಡತಿಯ ನಡುವೆ ಅಮುಕಿಕೊಂಡು ಕೂತರು. ಅವರ ಜೇಬಿನಲ್ಲಿ ಫೋನು ಒಂದೇ ಸಮನೆ ಬೈಯುತ್ತಿತ್ತು. ಈಗ ಲಾಂಡ್ರಿಯವನ ದನಿ.

ಜೀಪು ಧೂಳೆಬ್ಬಿಸಿ ಹೊರಟಿತು. ಮೊದಲ ತಿರುವಿನಲ್ಲೇ ಅತ್ತೆ ಡ್ರೈವರಿನ ಭುಜ ತಟ್ಟಿದರು.

“ನಿಧಾನ ಕಣಪ್ಪಾ, ಮುಂದೆ ದೊಡ್ಡ ಗುಂಡಿ ಇದೆ. ಪೈಪು ಹಾಕ್ತೀವಿ ಅಂತ ತೋಡಿ ಹೋದೋರು ಇನ್ನೂ ಬಂದಿಲ್ಲ.” ಆಮೇಲೆ ಹಿಂದಕ್ಕೆ ತಿರುಗಿ, ಕುಶಲ ಕೇಳುವವರ ದನಿಯಲ್ಲಿ, “ಗಟ್ಟಿಯಾಗಿ ಹಿಡ್ಕೊಳ್ಳಿ ಸಾಹೇಬ್ರೇ,” ಎಂದರು. “ಗುಂಡಿ ನಿಮ್ಮದೇ.”